ಹಳ್ಳದಲ್ಲಿ ಸಿಕ್ಕ ಸ್ಫಟಿಕ

ರಜೆಯ ದಿನ ಏಕಾಂತಪ್ಪನಿಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಬೀಚ್ ಸ್ಟೇಷನ್‌ನಿಂದ ತಾಂಬರಂಗೆ, ತಾಂಬರಂನಿಂದ ಬೀಚ್‌ಗೆ ಲೋಕಲ್ ರೈಲಿನ ಗಾರ್ಡ್ ಆಗಿ ಇಪ್ಪತ್ತೆರಡು ವರ್ಷ ಓಡಾಡಿದವನಿಗೆ ಇದ್ದದ್ದು ಕಲ್ಲಿನ ಹುಚ್ಚು. ಬಿಡುವು ಸಿಕ್ಕರೆ ಸುತ್ತಿಗೆ, ಭೂತಗನ್ನಡಿ ಚೀಲಕ್ಕೆ ಹಾಕಿಕೊಂಡು ಸೇಲಂ ರೈಲು ಹತ್ತಿ, ಏರ್ಕಾಡಿನ ಬೆಟ್ಟಗಳಲ್ಲಿ ಅಲೆಯುತ್ತಿದ್ದ. ಕ್ರೋಂಪೇಟೆಯ ಮನೆಯಲ್ಲಿ ಮಂಚದ ಕೆಳಗೆಲ್ಲ ಕಲ್ಲಿನ ಡಬ್ಬಿಗಳು. ಆದರೆ ಎಲ್ಲೂ ಮುಕ್ಕಾಗದ, ತಿಳಿನೀರಿನಂಥ ಸ್ಫಟಿಕ ಮಾತ್ರ ಸಿಕ್ಕಿರಲಿಲ್ಲ.

ಕಳೆದ ಜನವರಿಯಲ್ಲಿ ಹೆಂಡತಿ ಬಸವಣ್ಣೆಮ್ಮ ಪಟ್ಟು ಹಿಡಿದಳು. "ನಾನೂ ಬರ್ತೀನ್ರೀ. ಅಲ್ಲೇನ್ ಐತಿ, ನೋಡೇಬಿಡ್ತೀನಿ."

ಬೆಟ್ಟದಲ್ಲಿ ಆತ ಬಂಡೆಯಿಂದ ಬಂಡೆಗೆ ದಾಟುತ್ತ ಮುಂದೆ ಹೋಗಿಬಿಟ್ಟ. ಕಾಲು ಸೋತ ಆಕೆ ಹಳ್ಳದ ನೀರಿಗೆ ಪಾದ ಇಳಿಬಿಟ್ಟು ಕೂತಳು. ಮಧ್ಯಾಹ್ನ ಆತ ಬರಿಗೈಯಲ್ಲಿ ಮರಳಿದಾಗ ಆಕೆ ಸೆರಗಿನ ಗಂಟು ಬಿಚ್ಚಿದಳು.

"ಕಾಲಿಗೆ ಚುಚ್ಚಿತ್ತು. ಏನ್ರೀ ಇದು?"

ಹೆಬ್ಬೆರಳಿನ ಗಾತ್ರದ ಸ್ಫಟಿಕ. ಆರು ಮೈ, ಚೂಪು ತುದಿ, ಒಳಗೆ ಒಂದೆಳೆ ಮಸುಕೂ ಇಲ್ಲ. ಏಕಾಂತಪ್ಪ ಭೂತಗನ್ನಡಿ ಹಿಡಿದು ಅದನ್ನು ಮೂರು ಸಲ ತಿರುಗಿಸಿ ನೋಡಿದ.

"ಕೊಡು, ನನ್ನ ಡಬ್ಬ್ಯಾಗ ಇಡ್ತೀನಿ."

"ಯಾಕ? ಸಿಕ್ಕಿದ್ದು ನನಗ."

ಆ ವಾರವಿಡೀ ಆತನಿಗೆ ಊಟ ಸೇರಲಿಲ್ಲ. ಪಲ್ಲಾವರಂನಲ್ಲಿ ಹೊರಡುವ ಬೆಲ್ ಒತ್ತುವುದನ್ನೇ ಮರೆತು, ರೈಲು ಓಡಿಸುವ ಮೋಟರ್‌ಮ್ಯಾನ್ ಭೋಜರಾಜನಿಂದ "ಎನ್ನ ಸಾರ್, ತೂಕ್ಕಮಾ?" ಎಂದು, ನಿದ್ದೆ ಬಂತೇ ಎಂಬ ಅರ್ಥದಲ್ಲಿ, ತಮಿಳಿನಲ್ಲಿ ಕೇಳಿಸಿಕೊಂಡ. ಮುಂದಿನ ರಜೆಗೆ ಡ್ಯೂಟಿ ಎಂದು ಸುಳ್ಳು ಹೇಳಿ ಒಬ್ಬನೇ ಬೆಟ್ಟಕ್ಕೆ ಹೋದ. ಮೂರು ತಾಸು ಹಳ್ಳ ತಡಕಿದ. ಎಲ್ಲ ತಿರುವೂ ಒಂದೇ ಥರ ಕಂಡವು. ಕೊನೆಗೆ ನಾಚಿಕೆ ಬಿಟ್ಟು ಹೆಂಡತಿಗೆ ಫೋನ್ ಮಾಡಿದ.

"ಅವತ್ತ ನೀ ಕೂತಿದ್ದು ಎಲ್ಲಿ? ದೊಡ್ಡ ಬಂಡೆಗಿಂತ ಮ್ಯಾಲೋ, ಕೆಳಗೋ?"

"ಡ್ಯೂಟಿ ಇವತ್ತ ಹಳ್ಳದಾಗೇನು? ಫೋನ್‌ನ್ಯಾಗ ಹೇಳಂಗಿಲ್ಲ. ಕರಕೊಂಡ್ ಹೋಗ್ರಿ, ತೋರಸ್ತೀನಿ."

ಎರಡು ವಾರದ ಮೇಲೆ ಕರೆದುಕೊಂಡು ಹೋದ. ಆಕೆ ತೋರಿಸಿದ ಜಾಗದಲ್ಲಿ ಇಬ್ಬರೂ ಸೀರೆ, ಪ್ಯಾಂಟು ಮೊಣಕಾಲಿಗೆ ಎತ್ತಿಕಟ್ಟಿ ಹುಡುಕಿದರು. ಸಿಕ್ಕಿದ್ದು ದಾಳಿಂಬೆ ಬೀಜದಂಥ ನಾಲ್ಕು ಕೆಂಪು ಹರಳು. ಬಸವಣ್ಣೆಮ್ಮ ಅವನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಮುಖ ಎತ್ತಿದಾಗ ಆಕೆಯ ಕಣ್ಣು ಆಗಲೇ ಮೇಲಿನ ತಿರುವಿನಲ್ಲಿತ್ತು.

"ಅಲ್ಲಿ ನೋಡೋಣ್ರೀ."

"ಬಸ್ ತಪ್ಪತೈತಿ, ಹೊತ್ತಾತು," ಎಂದ ಏಕಾಂತಪ್ಪ. ತಾನು ಹೀಗೆ ಹೇಳುತ್ತಿರುವುದು ಆತನಿಗೇ ವಿಚಿತ್ರವೆನಿಸಿತು.

"ತಪ್ಪಲಿ ಬಿಡ್ರಿ," ಎನ್ನುತ್ತ ಆಕೆ ಬಂಡೆ ಹತ್ತಿಯೇಬಿಟ್ಟಳು. ಏಕಾಂತಪ್ಪ ಚೀಲ ಹೆಗಲಿಗೇರಿಸಿ, ಏದುಸಿರು ಬಿಡುತ್ತ ಹಿಂದೆ ನಡೆದ.