ಕೊರವ ಮೀನಿನ ಕಪ್ಪು ದಾರ

ಆಗ ನಮ್ಮ ಕಡೆ ಗಾಳದ ದಾರಕ್ಕೆ ನಂಬರು ಇರಲಿಲ್ಲ. ಈಗ ಹುಡುಗರು ಹೊನ್ನಾಳಿಯ ಅಂಗಡಿಗೆ ಹೋಗಿ ಇಷ್ಟು ಕೆ.ಜಿ. ತಡೆಯುವ ದಾರ ಕೊಡಿ ಎನ್ನುತ್ತಾರೆ, ಅಂಗಡಿಯವನು ಪ್ಯಾಕೆಟ್ ತಿರುಗಿಸಿ ಓದಿ ಕೊಡುತ್ತಾನೆ. ನಾನು ಚಿಕ್ಕವಳಿದ್ದಾಗ ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ದಾರವನ್ನು ತುಟಿಯಿಂದ ಓದುತ್ತಿದ್ದರು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ದಾರವನ್ನು ಬಿಚ್ಚಿ ಕೆಳತುಟಿಯ ಮೇಲೆ ನಿಧಾನವಾಗಿ ಹಾಯಿಸಿ ಎಳೆಯುತ್ತಿದ್ದರು. ಎಲ್ಲಾದರೂ ಸಣ್ಣ ಗೀರು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ, ಕತ್ತರಿಸಿ, ಮತ್ತೆ ಗಂಟು ಹಾಕುತ್ತಿದ್ದರು.

“ಕಣ್ಣು ಸುಳ್ಳು ಹೇಳ್ತೈತೆ ರತ್ನವ್ವ, ತುಟಿ ಹೇಳಲ್ಲ” ಎನ್ನುತ್ತಿದ್ದರು. ಅವರ ಎರಡೂ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಹಾಗಾಗಿ ಕಣ್ಣಿನ ಮೇಲೆ ಅವರಿಗೆ ಸ್ವಲ್ಪ ಸಿಟ್ಟೂ ಇತ್ತು.

ದೊಡ್ಡಪ್ಪನಿಗೆ ಹೆಂಡತಿ ಮಕ್ಕಳಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದರು. ಅವರ ಆಸ್ತಿ ಎಂದರೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಬೀಡಿ, ಎರೆಮಣ್ಣು, ಮೀನಿನ ಲೋಳೆ ಮೂರೂ ಸೇರಿದ ವಾಸನೆ. ಅವ್ವ ಮೂಗು ಮುಚ್ಚಿಕೊಳ್ಳುತ್ತಿದ್ದಳು, ನನಗೆ ಅದು ಹಬ್ಬದ ವಾಸನೆ. ಒಳಗೆ ಬಿದಿರಿನ ತುಂಡುಗಳಿಗೆ ಸುತ್ತಿದ ದಾರಗಳು ಇರುತ್ತಿದ್ದವು. ಹನ್ನೆರಡು ವರ್ಷಕ್ಕೆ ನಾನು ಮಗ್ಗಿಗಿಂತ ಚೆನ್ನಾಗಿ ಅವುಗಳನ್ನು ಕಲಿತಿದ್ದೆ. ನಿಂತ ತಿಳಿನೀರಿನಲ್ಲಿ ಜಿಲೇಬಿ ಮೀನಿಗೆ ಬೆಂಡು ಕಟ್ಟಿ ಎರೆಹುಳ ಹಾಕಿದರೆ ಕೂದಲಿನಂಥ ತಂಗೂಸಿ, ಅಂದರೆ ನೈಲಾನ್ ದಾರ, ಸಾಕು. ಕಾಟ್ಲಾ ಓಡುವ ಮೀನು, ಅದನ್ನು ಓಡಲು ಬಿಡಬೇಕು, ಅದಕ್ಕೆ ಎಳೆದರೆ ಜಗ್ಗುವ ನಡುಗಾತ್ರದ ತಂಗೂಸಿ. ಬಾಳೆ ಮೀನಿಗೆ ಹಲ್ಲಿದೆ, ಗಾಳದ ಬಾಯಿಗೆ ಒಂದು ಗೇಣು ತಂತಿ ಇರಲೇಬೇಕು. ಜೊಂಡಿನಲ್ಲಿ, ತಾವರೆ ಬುಡದಲ್ಲಿ ಅಡಗಿ ಕೂರುವ ಕೊರವ ಮೀನಿಗೆ ಮಾತ್ರ ಕಪ್ಪು ದಾರ. ಮೂರೆಳೆ ನೂಲನ್ನು ತೊಡೆಯ ಮೇಲೆ ಹೊಸೆದು, ಜಾಲಿ ಚಕ್ಕೆ ಕುದಿಸಿದ ನೀರಿನಲ್ಲಿ ನೆನೆಸಿ, ಒಣಗಿಸಿ, ದೊಡ್ಡಪ್ಪ ತಾವೇ ಮಾಡುತ್ತಿದ್ದ ದಾರ ಅದು. ಒಂದಿಷ್ಟೂ ಜಗ್ಗುತ್ತಿರಲಿಲ್ಲ. ಮೀನಿನ ಜೊತೆಗೆ ಬಳ್ಳಿಯನ್ನೂ ಕಿತ್ತುಕೊಂಡು ಬರುತ್ತಿತ್ತು.

“ಎಲ್ಲದಕ್ಕೂ ಒಂದೇ ದಾರ ಹಿಡಿಯೋನು, ಎಲ್ಲಾ ರೋಗಕ್ಕೂ ಒಂದೇ ಮಾತ್ರೆ ಕೊಡೋ ಡಾಕ್ಟ್ರು ಇದ್ದಂಗೆ” ಎಂದು ನಗುತ್ತಿದ್ದರು.

ಆ ವರ್ಷದ ಪುಷ್ಯ ಮಳೆಯಲ್ಲಿ ಹೊಳೆ ಕೆಂಪಾಗಿ ದಡ ಮುಟ್ಟಿ ಹರಿಯುತ್ತಿತ್ತು. ಅಪ್ಪನ ಬಲೆ ಅಟ್ಟದ ಮೇಲಿತ್ತು. ಅಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು, ಗಂಡು ಕೂಸು ಹುಟ್ಟಿ ಎಂಟು ದಿನವಾಗಿತ್ತು. ಮನೆ ತುಂಬ ಬಜೆಯ, ಧೂಪದ ಹೊಗೆಯ ವಾಸನೆ. ಅಕ್ಕನಿಗೆ ಹಾಲು ಸಾಲುತ್ತಿರಲಿಲ್ಲ, ಕೂಸು ಅತ್ತು ಅತ್ತು ದನಿ ಸಣ್ಣದಾಗಿತ್ತು. ನಮ್ಮಲ್ಲಿ ಬಾಣಂತಿಗೆ ಹಾಲು ಬರಲು ಕೊರವ ಮೀನಿನ ಸಾರು ಕೊಡುತ್ತಾರೆ, ಮೆಣಸು ಬೆಳ್ಳುಳ್ಳಿ ಅರೆದು, ಹುಳಿ ಹಾಕದೆ. ಮೀನು ಮಾತ್ರ ಜೀವಂತವಾಗಿ ಮನೆಗೆ ಬರಬೇಕು. ಮಂಜುಗಡ್ಡೆಯ ಪೆಟ್ಟಿಗೆಯ ಮೀನು ಬಾಣಂತಿಗೆ ಸಲ್ಲದು.

“ಕೆರೆಗೆ ನಾನು ಹೋಗ್ತೀನಿ” ಎಂದರು ದೊಡ್ಡಪ್ಪ.

ಹಿಂದಿನ ಬೇಸಿಗೆಯಲ್ಲಿ ದೊಡ್ಡಪ್ಪ ಕೆರೆಯ ತೂಬಿನ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದರು, ಎಮ್ಮೆ ಮೈ ತೊಳೆಯಲು ಬಂದವರು ಎತ್ತಿ ತಂದಿದ್ದರು. ಅಂದಿನಿಂದ ಅಪ್ಪನಿಗೆ ಅವರನ್ನು ನೀರಿನ ಹತ್ತಿರ ಬಿಡಲು ಹೆದರಿಕೆ.

“ಇದೊಂದು ಸಲ ಹೋಗಣ್ಣ. ಹಿಡ್ಕಂಡು ಬಂದ್ರೆ ನಿನ್ನ ಕೈ ಇನ್ನೂ ಗಟ್ಟಿ ಐತೆ ಅಂತ ನಾನೇ ಒಪ್ತೀನಿ. ಬರೀಗೈಯಾಗೆ ಬಂದ್ರೆ ಇನ್ಮೇಲೆ ನೀರು ಬ್ಯಾಡ. ಜಗಲಿ ಮೇಲೆ ಕುಂತ್ಕ” ಎಂದರು ಅಪ್ಪ.

“ಆತು” ಎಂದರು ದೊಡ್ಡಪ್ಪ. ಆ ಒಂದು ಮಾತಿನಲ್ಲಿ ಅವರು ಏನನ್ನು ಪಣಕ್ಕಿಟ್ಟರು ಎಂಬುದು ನನಗೂ ಅರ್ಥವಾಯಿತು. ನೀರಿಗೆ ಹೋಗದ ದೊಡ್ಡಪ್ಪನನ್ನು ನಾನು ಊಹಿಸಿಕೊಳ್ಳಲಾರದವಳಾಗಿದ್ದೆ.

ಎರಡು ದಿನ ಬೆಳಗ್ಗೆ ನಾವಿಬ್ಬರೂ ಕೆರೆಗೆ ಹೋದೆವು. ಅವರು ಬಿದಿರಿನ ಗಳ ಹಿಡಿದು ಏರಿಯ ಬುಡದಲ್ಲಿ ಕೂರುವುದು, ನಾನು ಮೊಣಕಾಲುದ್ದ ನೀರಿಗಿಳಿದು ಕಪ್ಪೆಮರಿ ಚುಚ್ಚಿದ ಗಾಳವನ್ನು ತಾವರೆ ಎಲೆಗಳ ಸಂದಿಗೆ ಬಿಡುವುದು. ಕೊರವ ಇದ್ದದ್ದು ನಿಜ. ಎಲೆ ಅಲುಗುತ್ತಿತ್ತು, ಗುಳ್ಳೆ ಏಳುತ್ತಿತ್ತು, ಕಪ್ಪೆಯ ಹತ್ತಿರ ಬಂದು ತಿರುಗಿ ಹೋಗುತ್ತಿತ್ತು. ನನಗೆ ತಾಳ್ಮೆ ಕಡಿಮೆ, ಈಗಲೂ ಅಷ್ಟೆ. ಮೀನಿಗೆ ಕಪ್ಪು ದಾರ ಕಾಣುತ್ತಿದೆ ಎಂದು ನಾನೇ ತೀರ್ಮಾನಿಸಿದೆ.

ನನ್ನ ಲಂಗದ ಜೇಬಿನಲ್ಲಿ ಹೊಸ ತಂಗೂಸಿಯ ಸುರುಳಿಯಿತ್ತು. ಕೂಸು ನೋಡಲು ಬಂದ ಭಾವ ಹೊನ್ನಾಳಿಯಿಂದ ತಂದುಕೊಟ್ಟದ್ದು. “ನೀರಾಗೆ ಹಾಕಿದ್ರೆ ಮೀನಿಗೆ ಕಾಣೋದೇ ಇಲ್ವಂತೆ ನೋಡು” ಎಂದಿದ್ದರು. ಬಿಸಿಲಿಗೆ ಹಿಡಿದರೆ ನನಗೇ ಕಾಣುತ್ತಿರಲಿಲ್ಲ. ಅಂಥ ದಾರ ಇರುವಾಗ ಈ ಹಗ್ಗದಂಥದ್ದು ಯಾಕೆ ಎಂದು ಅನ್ನಿಸಿತು. ದೊಡ್ಡಪ್ಪನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಅದಕ್ಕೇ ಕೇಳಲಿಲ್ಲ.

ಮೂರನೆಯ ಬೆಳಗ್ಗೆ ನೀರಿನಲ್ಲಿ ನಿಂತು, ಅವರಿಗೆ ಬೆನ್ನು ಮಾಡಿ, ಕಪ್ಪು ದಾರದ ತುದಿಯ ಗಾಳ ಬಿಚ್ಚಿದೆ. ನಡುವೆ ಒಂದು ಮಾರು ತಂಗೂಸಿ ಗಂಟು ಹಾಕಿ ಅದಕ್ಕೆ ಗಾಳ ಕಟ್ಟಿದೆ. ಅವರ ಕೈಗೆ ಸಿಗುತ್ತಿದ್ದದ್ದು ಗಳದ ಕಡೆಯ ಕಪ್ಪು ದಾರ ಮಾತ್ರ.

ಕಪ್ಪೆ ನೀರು ಮುಟ್ಟಿ ಸ್ವಲ್ಪ ಹೊತ್ತಿಗೇ ಕೊರವ ನುಂಗಿತು. ದೊಡ್ಡಪ್ಪ ಮೂರು ಉಸಿರು ಎಣಿಸಿ, ಎದ್ದು ಗಳ ಎತ್ತಿದರು. ಗಳ ಬಾಗಿತು. ಮೀನಿನ ಬೆನ್ನು ನಾನು ಕಂಡೆ, ನನ್ನ ತೋಳಿನಷ್ಟು ದಪ್ಪ, ಮೈ ತುಂಬ ಹಾವಿನ ಮಚ್ಚೆ. ದೊಡ್ಡಪ್ಪನ ಮುಖದಲ್ಲಿ ಅಂಥ ಬೆಳಕನ್ನು ನಾನು ಮತ್ತೆ ನೋಡಲಿಲ್ಲ.

“ಬಂತು ರತ್ನವ್ವ, ಕೊಡಪಾನ ಹಿಡಿ” ಎಂದರು.

ಮೀನು ತಾವರೆ ಬುಡಕ್ಕೆ ನುಗ್ಗಿ ದಂಟಿಗೆ ಸುತ್ತಿಕೊಂಡಿತು. ಕಪ್ಪು ದಾರವಾಗಿದ್ದರೆ ದಂಟೇ ಕಿತ್ತು ಬರುತ್ತಿತ್ತು. ತಂಗೂಸಿ ಒಂದು ಸಲ ಜಗ್ಗಿ, ಉಜ್ಜಿ, ತುಂಡಾಯಿತು. ಗಳ ಹಿಂದಕ್ಕೆ ಹಾರಿ ದೊಡ್ಡಪ್ಪ ಏರಿಯ ಬುಡದಲ್ಲೇ ಕುಸಿದು ಕೂತರು.

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಅವರು ಎದ್ದು ದಾರ ಸುತ್ತುವ ಮೊದಲೇ, ಉಳಿದಿದ್ದ ತಂಗೂಸಿಯನ್ನು ಗಂಟಿನ ಮೇಲಿನಿಂದ, ಕಪ್ಪು ದಾರ ಸೇರಿಸಿ ಹಲ್ಲಿನಿಂದ ಕಚ್ಚಿ ಕತ್ತರಿಸಿ ಜೊಂಡಿಗೆ ಎಸೆದೆ. ಜಾಲಿಯ ಒಗರು ಸಂಜೆಯವರೆಗೂ ನಾಲಿಗೆಯ ಮೇಲಿತ್ತು.

ದೊಡ್ಡಪ್ಪ ದಾರದ ತುದಿಯನ್ನು ಬೆರಳಿನಲ್ಲಿ ಹೊರಳಿಸಿದರು. ತುಟಿಗೆ ಮುಟ್ಟಿಸಿದರು. ಮತ್ತೊಮ್ಮೆ ಮುಟ್ಟಿಸಿದರು.

“ದಾರ ಏನಾರ ಮುಟ್ಟಿದ್ಯೇನವ್ವ?”

“ಇಲ್ಲ ದೊಡ್ಡಪ್ಪ.”

ಅವರು ದಾರವನ್ನು ಗಳಕ್ಕೆ ಸುತ್ತಿಕೊಂಡರು. ಆಮೇಲೆ “ನಡಿ, ಕೂಸು ಎದ್ದಿರ್ತೈತೆ” ಎಂದರು. ದಾರಿಯುದ್ದಕ್ಕೂ ಖಾಲಿ ಕೊಡಪಾನ ನನ್ನ ಕೈಯಲ್ಲಿತ್ತು.

ಮನೆಯಲ್ಲಿ ಅಪ್ಪ ಕೇಳುವ ಮೊದಲೇ ಅವರೇ ಹೇಳಿದರು. “ಸಿಕ್ಕಿತ್ತು ಕಣಪ್ಪ. ನಾನು ಹೊಸೆದ ದಾರನೇ ಕೈ ಕೊಡ್ತು. ಬೆರಳು ಮೊದ್ಲಿನಂಗಿಲ್ಲ.” ಅಪ್ಪ ಗೆದ್ದವರ ಹಾಗೇನೂ ಮಾಡಲಿಲ್ಲ. ಡಬ್ಬಿಯನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಬಲೆಯ ಪಕ್ಕ ಇಟ್ಟರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು, ತೆರೆಯಲಿಲ್ಲ.

ಅವ್ವ ಬರೀ ಮೆಣಸು ಬೆಳ್ಳುಳ್ಳಿ ಸಾರು ಮಾಡಿದಳು. ನಾಲ್ಕು ದಿನಕ್ಕೆ ಅಕ್ಕನಿಗೆ ಹಾಲು ತಾನಾಗಿಯೇ ಬಂತು, ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಮನೆಯವರೆಲ್ಲ ಆ ಮೀನನ್ನು ಮರೆತರು. ದೊಡ್ಡಪ್ಪ ಮಾತ್ರ ಆಡಿದ ಮಾತಿಗೆ ತಪ್ಪದೆ ಜಗಲಿಯ ಮೇಲೆ ಕೂತರು. ಕೆರೆಗೆ ಹೊರಡುವ ಹೊತ್ತಿಗೆ ದಿನವೂ ಎಚ್ಚರವಾಗಿ, ಮುಖ ತೊಳೆದು, ಹೋಗುವ ಜಾಗವಿಲ್ಲದೆ ಅಲ್ಲೇ ಕೂರುತ್ತಿದ್ದರು. ಅದನ್ನು ನೋಡಲಾರದೆ ನಾನು ಹಿತ್ತಿಲ ಬಾಗಿಲಿನಿಂದ ಶಾಲೆಗೆ ಹೋಗುವುದನ್ನು ಕಲಿತೆ.

ಈಗ ನಾನಿರುವುದು ಚನ್ನಗಿರಿಯಲ್ಲಿ. ಆ ಕೂಸು ಮೀಸೆ ಬಂದ ಗಂಡಸಾಗಿದ್ದಾನೆ. ಫೋನಿನಲ್ಲಿ ಹೊರದೇಶದವರು ಬಾಸ್ ಎಂಬ ಮೀನು ಹಿಡಿಯುವುದನ್ನು ನೋಡಿ ನೋಡಿ, ತಾನೂ ರಾಡು, ಬಣ್ಣದ ಹೆಣೆದ ದಾರ ಎಲ್ಲ ತರಿಸಿಕೊಂಡಿದ್ದಾನೆ. ಹೋದ ತಿಂಗಳು ಮನೆಗೆ ಬಂದವನು ಕೇಳಿದ, “ಚಿಕ್ಕಮ್ಮ, ಹೊಳೆ ನೀರಿಗೆ ಯಾವ ದಾರ ಹಾಕ್ಬೇಕು? ದೊಡ್ಡಜ್ಜ ನಿಂಗೆ ಹೇಳಿಕೊಟ್ಟಿದ್ರಂತಲ್ಲ.”

ಕೆರೆಯದ್ದು ಅಷ್ಟೂ ಹೇಳಿದೆ. ಹೊಳೆಯದ್ದು ಹೇಳಲಾಗಲಿಲ್ಲ. ಹರಿಯುವ ನೀರಿಗೆ, ಸುಳಿಗೆ, ಕಲ್ಲಿನ ಮಡುವಿಗೆ ಬೇರೆ ಬೇರೆ ದಾರಗಳಿದ್ದವು, ನನಗೆ ಇನ್ನೆರಡು ವರ್ಷ ತುಂಬಿದ ಮೇಲೆ ಕಲಿಸುವುದಾಗಿ ದೊಡ್ಡಪ್ಪ ಹೇಳಿದ್ದರು. ಅದು ಈಗ ಯಾರಿಗೂ ಗೊತ್ತಿಲ್ಲ. ಇದಿಷ್ಟೇ ನಷ್ಟವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೇನೋ.

ಕೊರವ ತಪ್ಪಿಹೋದ ಆ ಬೆಳಗಾಗಿ ಹನ್ನೊಂದು ವರ್ಷಕ್ಕೆ ನನ್ನ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದೆ. ಕೊರವ ತರಿಸಬೇಕು ಎಂದು ಅವ್ವ ಅಂದಳು, ದೊಡ್ಡಪ್ಪ ಎದ್ದು ಹೊರಗೆ ಹೋದರು. ಹಿಂದೆಯೇ ಹೋಗಿ ಜಗಲಿಯಲ್ಲಿ ಅವರ ಪಕ್ಕ ಕೂತೆ.

“ದೊಡ್ಡಪ್ಪ, ಆವತ್ತು ದಾರ ಬದಲಿಸಿದ್ದು ನಾನು.”

“ಗೊತ್ತೈತೆ ತಗ. ಮೀನು ಹರಿದ ದಾರ ಮೂರೆಳೆ ಬಿಚ್ಕಂಡಿರ್ತೈತೆ. ಅದು ಹಲ್ಲಾಗೆ ಕಡಿದಿದ್ದು.”

“ಮತ್ತೆ ಅಪ್ಪಗೆ ಯಾಕೆ ಹೇಳ್ಲಿಲ್ಲ?”

ಅವರು ನನ್ನ ಕಡೆ ತಿರುಗಿದರು. ಕಣ್ಣು ಆಗ ಪೂರ್ತಿ ಬೆಳ್ಳಗಾಗಿತ್ತು.

“ಹೇಳಿದ್ರೆ ನಿನ್ನೂ ಕೆರೆ ಕಡೆ ಬಿಡ್ತಿರ್ಲಿಲ್ಲವ್ವ. ನಂದು ಹೆಂಗೂ ಮುಗೀತಾ ಬಂದಿತ್ತು. ನೀನಾರ ಹೋಗ್ಲಿ ಅಂತ ನಾನು ಕುಂತೆ.”

ದಾರ ಬದಲಿಸಿದ ಆ ದಿನದ ನಂತರ ನಾನು ಒಮ್ಮೆಯೂ ಗಾಳ ಹಿಡಿದಿರಲಿಲ್ಲ. ನಾನು ಮದುವೆಯಾಗಿ ಹೋಗುವವರೆಗೂ ದಿನಾ ಬೆಳಗ್ಗೆ ಆ ಜಗಲಿಯಲ್ಲಿ ಕೂತು, ಕೆರೆಗೆ ಹೋಗುವ ನನ್ನ ಹೆಜ್ಜೆ ಸಪ್ಪಳಕ್ಕೆ ಅವರು ಕಾದಿದ್ದರು.