ಅತ್ತೆಯ ಕಂಪ್ಯೂಟರಿನಲ್ಲಿದ್ದ ಹಾಡುಗಳು

ಇವತ್ತು ಫೋನು, ‘ಹೊಸ ಸಿಸ್ಟಮ್ಮಿನ ಬೀಟಾ (ಪ್ರಾಯೋಗಿಕ) ಆವೃತ್ತಿ ಹಾಕಿಕೊಳ್ಳುವಿರಾ?’ ಎಂದು ಕೇಳಿತು. ಬಾಯೆಲ್ಲ ಕಹಿಯಾಯಿತು.

ಜಯಪುರದಲ್ಲಿ ನನ್ನ ಸೋದರತ್ತೆಯ ಟೈಪಿಂಗ್ ಅಂಗಡಿಯಿತ್ತು. ಅತ್ತೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರಿಗೆ ಬರುತ್ತಿದ್ದ ಮದುವೆ ಹಾಡುಗಳನ್ನೆಲ್ಲ ಅಲ್ಲಿಯ ಕಂಪ್ಯೂಟರಿಗೆ ಇಳಿಸಿದ್ದರು. ಆಮೇಲೆ ಅಜ್ಜಿ ತೀರಿಕೊಂಡರು.

ಒಂದು ದಿನ ಅತ್ತೆ ಊಟಕ್ಕೆ ಹೋದಾಗ, ಪತ್ರಿಕೆಯ ಜೊತೆ ಬಂದಿದ್ದ ಸಿಡಿಯಿಂದ ಅಂಥದೇ ಒಂದು ಬೀಟಾ ಹಾಕಿದೆ. ಇಂಗ್ಲಿಷಿನ ಎಚ್ಚರಿಕೆಗಳಿಗೆಲ್ಲ ‘ಯೆಸ್’ ಒತ್ತಿದೆ. ಅರ್ಧಕ್ಕೇ ಪರದೆ ಕಪ್ಪಾಯಿತು, ಹಾಡುಗಳೆಲ್ಲ ಅಳಿಸಿಹೋದವು. ಸಿಡಿಯನ್ನು ಚೀಲದಲ್ಲಿ ಅಡಗಿಸಿದೆ.

“ಎಂತಾಯ್ತೇ ಕೂಸೇ?”

“ಕರೆಂಟ್ ಹೋಗಿ ಬಂತು ಅತ್ತೆ.”

ನನ್ನ ಮದುವೆಯಲ್ಲಿ ಹಸೆಗೆ ಕರೆಯುವ ಹಾಡು ಎತ್ತಿದ ಅತ್ತೆ ಎರಡನೇ ಸಾಲಿಗೇ ತಡೆದರು. “ಉಳಿದಿದ್ದು ಕರೆಂಟಿನ ಪಾಲಾಯ್ತು ಮಾರಾಯ್ತಿ,” ಎಂದರು ಪಕ್ಕದವಳಿಗೆ. ನಾನು ತಲೆ ತಗ್ಗಿಸಿದೆ. ಮದುಮಗಳ ನಾಚಿಕೆ ಎಂದುಕೊಂಡರು ಎಲ್ಲರೂ.

ಫೋನಿಗೆ ‘ಬೇಡ’ ಒತ್ತಿದೆ. ಅತ್ತೆ ಇಂದಿಗೂ ಊಟಕ್ಕೆ ಏಳುವ ಮುಂಚೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುತ್ತಾರೆ.