ಇಸ್ಕಿ ಸಾರು

ಇದನ್ನು ಓದುವವರಲ್ಲಿ ನನ್ನ ಹಳೆಯ ಎದುರಾಳಿಗಳು ಯಾರಾದರೂ ಇದ್ದರೆ ನಗುತ್ತಾರೆ. ನಗಲಿ. ಮೈಸೂರಿನಲ್ಲಿ ಓದುವಾಗ ಚರ್ಚಾಕೂಟದಲ್ಲಿ ‘ಸತ್ತವರು ಬರುತ್ತಾರೆಂಬುದು ಬದುಕಿರುವವರ ಭ್ರಮೆ’ ಎಂಬ ನಿರ್ಣಯ ಮಂಡಿಸಿ ಗೆದ್ದವನು ನಾನು. ದೆವ್ವ ಕಂಡೆ ಎಂದವರನ್ನು ‘ಯಾವ ದಿಕ್ಕಿನಿಂದ ಬಂತು, ನೆರಳಿತ್ತೋ ಇಲ್ಲವೋ’ ಎಂದು ಅಡ್ಡಪ್ರಶ್ನೆ ಹಾಕಿ ಬೆವರಿಳಿಸುತ್ತಿದ್ದೆ. ಆ ನಿರ್ಣಯವನ್ನು ಇವತ್ತೂ ಮಂಡಿಸಬಲ್ಲೆ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕೊತ್ತತ್ತಿಯ ನಮ್ಮ ಮನೆಯಲ್ಲಿ ನಡೆದದ್ದೊಂದನ್ನು ಯಾರಾದರೂ ಎದ್ದು ಕೇಳಿಬಿಟ್ಟರೆ ನನ್ನ ಹತ್ತಿರ ಜವಾಬಿಲ್ಲ.

ನಮ್ಮ ತಾತ ಮೊದಲನೆಯ ಮಹಾಯುದ್ಧದಲ್ಲಿ ಕುದುರೆ ದಂಡಿನ ಜೊತೆ ಈಜಿಪ್ಟಿಗೆ ಹೋಗಿ ಬಂದವನು. ಅಲ್ಲಿ ಯಾವನೋ ಇಂಗ್ಲಿಷ್ ದೊರೆಯ ಕುದುರೆ ನೋಡಿಕೊಳ್ಳುತ್ತಿದ್ದನಂತೆ. ಬರುವಾಗ ಮೊಣಕಾಲಲ್ಲಿ ಒಂದು ಗಾಯವನ್ನೂ ನಾಲಿಗೆಯಲ್ಲಿ ಒಂದು ರುಚಿಯನ್ನೂ ತಂದ. ಆ ರುಚಿಗೆ ಅವನು ಹೇಳುತ್ತಿದ್ದ ಹೆಸರು ‘ಇಸ್ಕಿ ಸಾರು’. ವರ್ಷಕ್ಕೊಮ್ಮೆ ಬೆಂಗಳೂರಿನ ದಂಡುಪ್ರದೇಶದಿಂದ ಬಾಟಲಿ ತರಿಸುತ್ತಿದ್ದ. ಹೆಂಗಸರು ಮಕ್ಕಳ ಎದುರು ಕುಡಿಯಬಾರದೆಂದು ನಡುಮನೆಯ ಕದ ಹಾಕಿಕೊಂಡು ತಾನೇ ಮಾಡಿ ತಾನೇ ಕುಡಿಯುತ್ತಿದ್ದ. ಒಳಗೆ ಏನು ನಡೆಯುತ್ತಿತ್ತೆಂದು ಅಜ್ಜಿಯೂ ನೋಡಿದವಳಲ್ಲ.

ಕೊನೆಯ ಕಾಯಿಲೆಯಲ್ಲಿ ತಾತ ಹಾಸಿಗೆಯಿಂದೇಳಲಾರದೆ ‘ಇಸ್ಕಿ ಸಾರು’ ಬೇಕೆಂದ. ಅಜ್ಜಿಗೆ ಗೊತ್ತಿದ್ದದ್ದು ಒಂದೇ ಸಾರು. ತೊಗರಿಬೇಳೆ ಬೇಯಿಸಿ, ಹುಣಸೆಹುಳಿ ಕಿವುಚಿ, ಒಗ್ಗರಣೆ ಕೊಟ್ಟು, ಅದಕ್ಕೆ ವಿಸ್ಕಿ ಸುರಿದು ತಂದುಕೊಟ್ಟಳು. ತಾತ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಗೋಡೆಯ ಕಡೆ ಹೊರಳಿದನಂತೆ. ಆಮೇಲೆ ಮಾತಾಡಲಿಲ್ಲ. ಆ ಇರುಳೇ ಹೋದ.

ನಮ್ಮ ಕಡೆ ಹಿರಿಯರ ಹಬ್ಬಕ್ಕೆ ಸತ್ತವರು ಇಷ್ಟಪಡುತ್ತಿದ್ದುದನ್ನೆಲ್ಲ ಎಲೆಯ ಮೇಲೆ ಎಡೆಯಿಡುತ್ತಾರೆ. ದೀಪ ಹಚ್ಚಿಟ್ಟು, ಕದ ಎಳೆದುಕೊಂಡು, ಎಲ್ಲರೂ ಹೊರಗೆ ಬಂದು ಕಾಯುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಅಜ್ಜಿ ಪ್ರತಿ ವರ್ಷ ಆ ಎಡೆಗೆ ವಿಸ್ಕಿ ಸುರಿದ ಸಾರು ಇಡುತ್ತಿದ್ದಳು. ಒಂದು ವರ್ಷ ಮೆಣಸು ಜಾಸ್ತಿ, ಇನ್ನೊಂದು ವರ್ಷ ಬೇಳೆ ಕಮ್ಮಿ. ಕದ ತೆಗೆದ ಮೇಲೆ ಬಟ್ಟಲನ್ನು ಮೂಸಿ, “ಮಿಕ್ಕೋರೆಲ್ಲ ಉಂಡವ್ರೆ, ಇವ್ರು ಮಾತ್ರ ಮುಟ್ಟಿಲ್ಲ. ಇನ್ನೂ ಕ್ವಾಪ ಅದೆ” ಎನ್ನುವಳು.

“ಉಂಡಿದ್ದು ಉಣ್ಣದೆ ಇದ್ದಿದ್ದು ನಿನಗೆ ಹೆಂಗೆ ತಿಳೀತದೆ ಅಜ್ಜಿ? ಎಲ್ಲ ಎಲೆನೂ ಇಟ್ಟಂಗೇ ಅವೆಯಲ್ಲ?”

“ಎಷ್ಟೋ ಕಾಲ್ದಿಂದ ಇಕ್ಕಿವ್ನಿ ಕಣ್ಲಾ, ನಂಗೊತ್ತಾಗಕಿಲ್ವಾ? ನಿನ್ ಲಾಯರ್‌ಗಿರಿ ಮೈಸೂರಲ್ಲಿ ಇಟ್ಕೊ.”

ಚಿಕ್ಕಪ್ಪ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಹಬ್ಬವಾದ ಮೇಲೆ ವಾರಗಟ್ಟಲೆ ಅವಳ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಇಲ್ಲದ ಮನುಷ್ಯನ ಇಲ್ಲದ ಕೋಪಕ್ಕೆ ಇರುವ ಅಜ್ಜಿ ಸೊರಗುವುದು ಯಾವ ನ್ಯಾಯ?

ಒಮ್ಮೆ ಚರ್ಚಾಸ್ಪರ್ಧೆಗೆಂದು ಬೆಂಗಳೂರಿಗೆ ಹೋದವನು ಗೆಳೆಯನ ಜೊತೆ ದಂಡಿನ ಒಂದು ಹೋಟೆಲಿಗೆ ಹೊಕ್ಕೆ. ಪಕ್ಕದ ಮೇಜಿನ ಸೋಲ್ಜರೊಬ್ಬ ಮಾಣಿಯನ್ನು ಕರೆದು “ವಿಸ್ಕಿ ಸವರ್” ಎಂದ. ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಸಾರಲ್ಲ, ಸವರ್! ಸವರ್ ಎಂದರೆ ಹುಳಿ! ಮಾಣಿಯನ್ನು ಹಿಡಿದು ಕೇಳಿದೆ. ವಿಸ್ಕಿ, ನಿಂಬೆರಸ, ಸಕ್ಕರೆ, ಕೆಲವರಿಗೆ ಮೊಟ್ಟೆಯ ಬಿಳಿ. ಮನೆಯಲ್ಲಿ ಯಾರಿಗೂ ಬಗೆಹರಿಯದ ಗಂಟನ್ನು ಒಂದು ಇಂಗ್ಲಿಷ್ ಶಬ್ದದಿಂದ ಬಿಚ್ಚಿದೆನೆಂದು ನನಗಾದ ಹೆಮ್ಮೆಗೆ ಆ ಸಲದ ಬಹುಮಾನ ಏನೇನೂ ಅಲ್ಲ.

ಊರಿಗೆ ಬಂದು ಅಜ್ಜಿಗೆ ಹೇಳಿದೆ. ಅವಳು ಒರಳಿನ ಮುಂದೆ ಕೂತವಳು ಕೈ ನಿಲ್ಲಿಸಿದಳು.

“ಅಂಗಾರೆ ಇಷ್ಟ್ ವರ್ಸ ನಾನ್ ಕಾಯ್ಸಿದ್ದು?”

“ಬೇಳೆ ಸಾರು.”

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ನಾನು ಪಂದ್ಯ ಕಟ್ಟಿದೆ. ಈ ಹಬ್ಬಕ್ಕೆ ಸರಿಯಾದ ‘ಸವರ್’ ನಾನೇ ಮಾಡುತ್ತೇನೆ. ಅದೂ ಇಟ್ಟ ಹಾಗೇ ಇದ್ದರೆ, ತಾತನಿಗೆ ಕೋಪವಿಲ್ಲ, ಕೋಪಿಸಿಕೊಳ್ಳಲು ತಾತನೇ ಇಲ್ಲ ಎಂದು ಒಪ್ಪಿ ಅವಳು ಹೊಟ್ಟೆತುಂಬ ಉಣ್ಣಬೇಕು. ಅವಳು ಒಪ್ಪಿದಳು.

ಸಾಕ್ಷಿ ವಿಚಾರಣೆ ಮಾಡಿದೆ. “ಒಳಿಕ್ಕೆ ಹೋಗೋವಾಗ ತಾತ ಏನೇನು ತಗೊಂಡು ಹೋಗ್ತಿತ್ತು?”

“ಬಾಟ್ಲಿ, ಒಂದು ಎರಳೆಕಾಯಿ, ಅಚ್ಚುಬೆಲ್ಲ, ದೀಪ. ಅಷ್ಟೆಯಾ. ಕಾಯಿ ಬೆಲ್ಲ ನೆಂಚ್ಕೊಳಕ್ಕೆ ಅಂದ್ಕಂಡಿದ್ದೆ.”

ನಿಂಬೆಯಲ್ಲ, ಹೇರಳೆಕಾಯಿ, ಸಕ್ಕರೆಯಲ್ಲ, ಬೆಲ್ಲ, ಮೊಟ್ಟೆ ಇಲ್ಲವೇ ಇಲ್ಲ. ದೀಪ ಬೆಳಕಿಗೆ ಎಂದುಕೊಂಡೆ. ನಡುಮನೆಗೆ ಕಿಟಕಿಯಿಲ್ಲ, ಇರುವುದು ಸೂರಿನಲ್ಲಿ ಗಾಜು ಕೂರಿಸಿದ ಒಂದು ಬೆಳಕಿಂಡಿ.

ಮೊದಲ ಸಲ ಮಾಡಿದ್ದನ್ನು ಚಿಕ್ಕಪ್ಪನಿಗೆ ಕೊಟ್ಟೆ. ಅವನು ಉಗಿದು, “ಲೇ, ಇದ್ರ ಬದ್ಲು ಬೇವಿನ್ ಕಷಾಯ ಕೊಟ್ಟಿದ್ರೆ ಜ್ವರನಾರೂ ಬುಡೋದು” ಎಂದ. ಹೇರಳೆಯನ್ನು ಬಿಗಿಯಾಗಿ ಹಿಂಡಿದರೆ ಸಿಪ್ಪೆಯ ಕಹಿಯೂ ರಸಕ್ಕೆ ಇಳಿಯುತ್ತದೆಂದು ಆಗ ತಿಳಿಯಿತು. ಆಮೇಲೆ ಸಿಪ್ಪೆಗೆ ನೋವಾಗದಂತೆ ಮೆಲ್ಲಗೆ ಹಿಂಡಿದೆ. ಬೆಲ್ಲ ಕರಗಿಸಿ ಬಟ್ಟೆಯಲ್ಲಿ ಸೋಸಿದೆ. ಬಾಟಲಿಯನ್ನು ಕೊಡದೊಳಗಿಟ್ಟು ಬಾವಿಗೆ ಇಳಿಬಿಟ್ಟು ತಣ್ಣಗೆ ಮಾಡಿದೆ. ಎಲ್ಲವನ್ನೂ ಮುಚ್ಚಳದ ಚೊಂಬಿಗೆ ಹಾಕಿ ತೋಳು ಸೋಲುವವರೆಗೂ ಕುಲುಕಿದೆ. ಈ ಸಲ ಚಿಕ್ಕಪ್ಪ ಕುಡಿದು, ಮೀಸೆ ಒರೆಸಿಕೊಂಡು, ಲೋಟ ಮುಂದಕ್ಕೆ ಚಾಚಿದ. ನಮ್ಮ ಗದ್ದೆಯ ಕಬ್ಬಿನ ಬೆಲ್ಲ, ನಮ್ಮ ಹಿತ್ತಲ ಹೇರಳೆ, ನಾನು ಹುಡುಕಿ ತೆಗೆದ ಪಾಕ. ಬೀಗಿದೆ, ಸುಳ್ಳೇಕೆ ಹೇಳಲಿ.

ಹಬ್ಬದ ದಿನ ಮುಸ್ಸಂಜೆಗೆ ನಡುಮನೆಯಲ್ಲಿ ದೀಪ ಹಚ್ಚಿಟ್ಟು ಎಡೆಯಿಟ್ಟೆವು. ತಾತನ ಎಲೆಯ ಪಕ್ಕ ಗಾಜಿನ ಲೋಟ ತುಂಬ ನನ್ನ ಸವರ್, ಅದರ ಬಗಲಿಗೆ ಉಳಿದ ಅರ್ಧ ಹೇರಳೆ. ಬೇರೆಯವರು ಮೋಸ ಮಾಡಿದರೆನ್ನುವ ಮಾತು ಬರಬಾರದೆಂದು ಕೊನೆಗೆ ಹೊರಬಂದವನು ನಾನೇ, ಚಿಲಕ ಹಾಕಿದವನೂ ನಾನೇ. ಕದಕ್ಕೆ ಬೆನ್ನು ಕೊಟ್ಟು ಕೂತೆ. ಅಜ್ಜಿ ನನ್ನ ತೋಳು ಹಿಡಿದು ಕೂತಳು. ಚಿಕ್ಕಪ್ಪ ಎದುರಿಗೇ ಇದ್ದ. ಮನೆಯಲ್ಲಿ ಬೇರಾರೂ ಇರಲಿಲ್ಲ. ಒಳಗಿನಿಂದ ಒಂದು ಸದ್ದೂ ಬರಲಿಲ್ಲ.

ಕದ ತೆಗೆಯುತ್ತೇವೆಂದು ಒಳಗಿನ ಹಿರಿಯರಿಗೆ ತಿಳಿಯಲಿ ಎಂದು, ಪದ್ಧತಿಯಂತೆ ಚಿಕ್ಕಪ್ಪ ಕೆಮ್ಮಿದ. ನಾನು ಕದ ತೆಗೆದೆ.

ಮೊದಲು ಬಂದದ್ದು ವಾಸನೆ. ಹೂವಿನದಲ್ಲ, ಧೂಪದ್ದಲ್ಲ, ಏನೋ ಎಣ್ಣೆ ಚುರುಕ್ಕೆಂದು ಹೊತ್ತಿ ಆರಿದಂಥ, ಹುಳಿಯೂ ಸಿಹಿಯೂ ಆದ ಸುಟ್ಟ ವಾಸನೆ. ಲೋಟ ತುಂಬಿದ ಹಾಗೇ ಇತ್ತು. ಗೆದ್ದೆ ಎಂದುಕೊಂಡು ಬಗ್ಗಿದೆ. ಲೋಟದಲ್ಲಿ ಹೆಬ್ಬೆರಳುದ್ದದ ಹೇರಳೆ ಸಿಪ್ಪೆಯೊಂದು ತೇಲುತ್ತಿತ್ತು. ಮಡಚಿ ಹಿಂಡಿದ ಗುರುತಿತ್ತು. ಅಂಚು ಕಪ್ಪಗೆ ಸೀದಿತ್ತು. ಬಗಲಲ್ಲಿದ್ದ ಅರ್ಧ ಹೇರಳೆಯಲ್ಲಿ ಅಷ್ಟೇ ಅಗಲದ ಜಾಗ ಬೋಳಾಗಿತ್ತು, ಉಗುರಿನಲ್ಲಿ ಸಿಗಿದ ಹಾಗೆ.

ಅಜ್ಜಿ ಹೊಸಿಲಲ್ಲೇ ನಿಂತಿದ್ದಳು. “ಇದೇಯ ಕಣ್ಲಾ ಆ ವಾಸ್ನೆ. ಅವ್ರು ಕದ ತಗುದ್ರೆ ಇದೇ ಬರ್ತಿತ್ತು” ಎಂದಳು. ಆಮೇಲೆ ಲೋಟದ ಕಡೆ ತಿರುಗಿ, ಬದುಕಿರುವ ಗಂಡನನ್ನು ಗದರಿಸುವಂತೆ, “ಸಾರಲ್ಲ, ಉಳಿ ಅಂತ ಒಂದ್ ಮಾತ್ ಅನ್ನಬಾರ್ದಾಗಿತ್ತಾ ನೀವು?” ಎಂದಳು. ಅಂದು ಅವಳು ಎರಡು ಮುದ್ದೆ ಉಂಡಳು. ಮತ್ತೆಂದೂ ಎಡೆಗೆ ಸಾರು ಇಡಲಿಲ್ಲ.

ನಾನು ಸುಮ್ಮನೆ ಬಿಡುವವನಲ್ಲ. ಇಲಿ ಎಂದೆ, ಇಲಿ ಸಿಪ್ಪೆ ಸಿಗಿದು, ದೀಪಕ್ಕೆ ಹಿಡಿದು, ಲೋಟಕ್ಕೆ ಹಾಕೀತೆ? ಬೆಳಕಿಂಡಿ ಹತ್ತಿ ನೋಡಿದೆ, ಗಾಜು ಅಲುಗಿರಲಿಲ್ಲ. ಚಿಕ್ಕಪ್ಪನ ಕೈ ಮೂಸಿದೆ, ಬೀಡಿಯ ವಾಸನೆ. ಅಜ್ಜಿಯ ಕೈ, ವಿಭೂತಿ. ನಾನೇ ಮೈಮರೆತು ಮಾಡಿರಬಹುದೇ ಎಂದು ನನ್ನನ್ನೂ ಪಾಟೀಸವಾಲಿಗೆ ನಿಲ್ಲಿಸಿದೆ. ಆದರೆ ಸಿಪ್ಪೆಯಿಂದ ಕಹಿಯೇ ಬರುವುದೆಂದು ನಂಬಿದ್ದವನು ನಾನು. ಅದನ್ನು ಜ್ವಾಲೆಗೆ ಹಿಂಡಿದರೆ ಎಣ್ಣೆ ಚಿಮ್ಮಿ ಹೊತ್ತಿ ಪರಿಮಳ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಎಡೆಯದ್ದನ್ನು ಹಂಚಿಕೊಂಡು ಉಣ್ಣುವುದು ಪದ್ಧತಿ. ಆ ಲೋಟವನ್ನು ನಾನೂ ಚಿಕ್ಕಪ್ಪನೂ ಹಂಚಿಕೊಂಡೆವು. ನಾನು ಮಾಡಿದ್ದಕ್ಕಿಂತ ರುಚಿಯಾಗಿತ್ತು. ಬೆಲ್ಲ, ಹುಳಿ, ವಿಸ್ಕಿಯ ಅಳತೆ ಮಾತ್ರ ನನ್ನದೇ, ಅದನ್ನು ಯಾರೂ ಕದಲಿಸಿರಲಿಲ್ಲ. ಚರ್ಚಾಕೂಟದ ಭಾಷೆಯಲ್ಲಿ ಹೇಳುವುದಾದರೆ, ನನ್ನ ನಿರ್ಣಯ ಒಂದೇ ಒಂದು ತಿದ್ದುಪಡಿಯೊಡನೆ ಅಂಗೀಕಾರವಾಯಿತು. ಆ ತಿದ್ದುಪಡಿಯನ್ನು ಸೂಚಿಸಿದವರು ಯಾರೆಂದು ನಾನಿವತ್ತಿಗೂ ಹೇಳಲಾರೆ.